ಲೂಸ್ ಯಾವುದು, ಲೂಜ಼್ ಯಾವುದು: ನನ್ನ ಟ್ಯೂಷನ್ ಅನುಭವ

ಮಂಡ್ಯದಲ್ಲಿ ಸಂಜೆ ಹೊತ್ತು ಟ್ಯೂಷನ್ ನಡೆಸುತ್ತೇನೆ. ಬ್ಯಾಂಕ್ ಕ್ಲರ್ಕ್, ಎಫ್‌ಡಿಎ, ಎಸ್‌ಡಿಎ ಥರದ ಸರ್ಕಾರಿ ಗುಮಾಸ್ತ ಪರೀಕ್ಷೆಗಳಿಗೆ ಓದುವವರೇ ಜಾಸ್ತಿ. ಬಹುತೇಕರು ಕನ್ನಡ ಮೀಡಿಯಂ. ಒಂದಕ್ಕೊಂದು ಗೊಂದಲವಾಗುವ ಇಂಗ್ಲಿಷಿನ ಜೋಡಿ ಪದಗಳು ಬಂದಾಗೆಲ್ಲ ಇವರು ಮುಗ್ಗರಿಸುತ್ತಿದ್ದರು. ಈ ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ನಾಲ್ಕು ತಪ್ಪಾದರೆ ಒಂದು ಅಂಕ ಕೈಬಿಟ್ಟಂತೆ, ನಿಮಗೇ ಗೊತ್ತಲ್ವಾ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸುಮಾರು 300 ಜೋಡಿ ಸೇರಿಸಿ ಪುಟ್ಟ ಪುಸ್ತಕ ಮಾಡಿಸಿದೆ. ಸಾವಿರ ಪ್ರತಿ, ಒಂದಕ್ಕೆ 22 ರೂಪಾಯಿ ಬಿತ್ತು. 40ಕ್ಕೆ ಮಾರಿದರೆ ಒಂದು ವರ್ಷದ ಬಾಡಿಗೆ ಬರುತ್ತದೆ ಅಂತ ಲೆಕ್ಕ ಹಾಕಿದ್ದೆ. ನೂರಾ ಮೂವತ್ತೋ ನಲವತ್ತೋ ಹೋದವು. ಉಳಿದವು ಇವತ್ತಿಗೂ ಅಟ್ಟದ ಮೇಲಿವೆ. ಕೊಂಡವರು ಬಾಯಿಪಾಠ ಮಾಡಿದರು, ವಾರ ಬಿಟ್ಟು ಕೇಳಿದರೆ ಜೋಡಿ ನೆನಪಿದೆ, ಯಾವುದು ಯಾವುದು ಅನ್ನುವುದು ಮಾತ್ರ ತಲೆಕೆಳಗು.

ಆಮೇಲೆ ನೆನಪಿನ ಸೂತ್ರಗಳಿಗೆ ಕೈ ಹಾಕಿದೆ. ಪ್ರಿನ್ಸಿಪಾಲ್ ನಿಮ್ಮ 'ಪಾಲ್', ಅಂದರೆ ಗೆಳೆಯ, ಹಾಗಾಗಿ ಕೊನೆಗೆ ಪಿ-ಎ-ಎಲ್ ಅಂತ. ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಪಾಲ್ ಅಂದ್ರೇನು ಸಾರ್?" ಸ್ಟೇಷನರಿಗೆ 'ಎನ್ವಲಪ್‌ನ ಇ' ಅಂದೆ. ನಮ್ಮ ಕಡೆ ಅದನ್ನು ಕವರ್ ಅನ್ನುತ್ತಾರೆ, ಎನ್ವಲಪ್ ಯಾರ ಬಾಯಲ್ಲಿದೆ? ಒಂದು ಗೊತ್ತಿಲ್ಲದ ಪದ ಕಲಿಸಲು ಇನ್ನೊಂದು ಗೊತ್ತಿಲ್ಲದ ಪದ! ಆ ವರ್ಷ ಬ್ಯಾಚ್ 42ರಿಂದ 17ಕ್ಕೆ ಇಳಿಯಿತು. ಯಾವುದೋ ಆ್ಯಪ್‌ಗೆ ಎಂಟು ಸಾವಿರ ಕಟ್ಟಿದ್ದೂ ನೀರಿಗೆ ಹಾಕಿದ ಹಾಗಾಯಿತು.

ಬೆಳಕು ಬಿದ್ದದ್ದು ಡಿಕ್ಟೇಷನ್ ಕೊಡುವಾಗ. 'ಹೀಟ್' ಅಂತ ನಾನು ಹೇಳಿದೆ, ಅರ್ಧ ಕ್ಲಾಸು 'ಈಟ್' ಬರೆದಿತ್ತು. ಅವರ ಕನ್ನಡ ಪುಸ್ತಕ ತೆಗೆಸಿ ನೋಡಿದೆ. ಅಲ್ಲೂ ಹಕ್ಕಿ ಅಕ್ಕಿಯಾಗಿತ್ತು, ಹಾಡು ಆಡಾಗಿತ್ತು. ನಮ್ಮ ಸೀಮೆಯಲ್ಲಿ 'ಹ' ನುಂಗುವುದು ಹೊಸದೇನಲ್ಲ, ನಾನೂ ಮನೆಯಲ್ಲಿ ನುಂಗುತ್ತೇನೆ. ಆದರೆ ಗೊಂದಲ ಇರುವುದು ಇಂಗ್ಲಿಷಿನಲ್ಲಲ್ಲ, ನಮ್ಮ ಕನ್ನಡದ ಬಾಯಲ್ಲಿ ಅಂತ ಅವತ್ತು ಹೊಳೆಯಿತು. ಹಾಗಾದರೆ ಬಿಡಿಸುವುದೂ ಕನ್ನಡದಿಂದಲೇ ಆಗಬೇಕು.

ಪಕ್ಕದ ಬೀದಿಯ ಇನ್ನೊಬ್ಬ ಮೇಷ್ಟ್ರು ನಕ್ಕರು. "ಇಂಗ್ಲಿಷ್ ಕ್ಲಾಸಲ್ಲಿ ಕನ್ನಡ ಬರೆಸ್ತೀರಾ? ಇರೋ ಹದಿನೇಳೂ ಓಡಿಹೋಗ್ತಾವೆ ಬಿಡಿ." ನನ್ನಾಕೆಯೂ ಆ ತಿಂಗಳು ಫೀಸಿನ ಲೆಕ್ಕ ಎರಡು ಸಲ ಕೇಳಿದಳು.

ಹಳೇ ಪಟ್ಟಿ ಹರಿದುಹಾಕಿದೆ. ಜೋಡಿಗಳನ್ನು ಎ ಬಿ ಸಿ ಪ್ರಕಾರ ಬಿಟ್ಟು, ಕನ್ನಡದಲ್ಲಿ ಎಲ್ಲಿ ಒಂದಾಗುತ್ತವೆ ಅನ್ನುವುದರ ಮೇಲೆ ವಿಂಗಡಿಸಿದೆ. 'ಕಳೆದುಕೊಳ್ಳು' ಅನ್ನುವುದೂ ನಮಗೆ ಲೂಸ್, ಸಡಿಲ ಅನ್ನುವುದೂ ಲೂಸ್, ತಲೆ ಕೆಟ್ಟವನೂ ಲೂಸ್. ಬೆಲೆಯೂ ಪ್ರೈಸ್, ಬಹುಮಾನವೂ ಪ್ರೈಸ್. ಸಲಹೆಯೂ ಅಡ್ವೈಸ್, ಸಲಹೆ ಕೊಡುವುದೂ ಅಡ್ವೈಸ್. ಎಲ್ಲ ಒಂದೇ ರೋಗ: ಚುಕ್ಕಿ ಇಟ್ಟ ಜ಼ ನಮ್ಮ ಬಾಯಲ್ಲಿಲ್ಲ. ಸಡಿಲ ಲೂಸ್, ಕಳೆದುಕೊಳ್ಳು ಲೂಜ಼್, ಬೆಲೆ ಪ್ರೈಸ್, ಬಹುಮಾನ ಪ್ರೈಜ಼್ ಅಂತ ಕನ್ನಡದಲ್ಲೇ ಬರೆಸಿ, ಗಟ್ಟಿಯಾಗಿ ಓದಿಸಿದೆ. ಗಂಟಲ ಮೇಲೆ ಬೆರಳಿಟ್ಟುಕೊಂಡು ಓದಿ ಅಂದೆ. ಜ಼ ಬಂದಾಗ ಅದುರುತ್ತದೆ, ಸ ಬಂದಾಗ ಅದುರುವುದಿಲ್ಲ. ಕ್ಲಾಸಿನಲ್ಲಿ ಮನೆಮಾತು ಉರ್ದು ಇದ್ದ ಮೂವರು ಹುಡುಗರಿದ್ದರು. ಅವರಿಗೆ ಜ಼ ಹುಟ್ಟಿನಿಂದಲೇ ಗೊತ್ತು. ಒಬ್ಬೊಬ್ಬರನ್ನು ಒಂದೊಂದು ಬೆಂಚಿಗೆ ಕೂರಿಸಿದೆ. ಅವರೇ ಮೇಷ್ಟ್ರಾದರು, ನನಗೆ ಆರಾಮ.

ನನಗೆ ಹೆಮ್ಮೆ ಇರುವುದು ಮಾತ್ರ 'ಇಸು' ವಿದ್ಯೆಯ ಮೇಲೆ. ಏರು–ಏರಿಸು ಗೊತ್ತಿಲ್ಲದ ಕನ್ನಡದವನಿಲ್ಲ. ಬೆಲೆ ಏರಿತು ಅಂದರೆ ರೈಜ಼್, ಬೆಲೆ ಏರಿಸಿದರು ಅಂದರೆ ರೇಜ಼್. ಕಲಿ ಲರ್ನ್, ಕಲಿಸು ಟೀಚ್. 'ಹೀ ಲರ್ನ್ಡ್ ಮೀ ಡ್ರೈವಿಂಗ್' ಅನ್ನುತ್ತಿದ್ದವರು ಎರಡೇ ದಿನದಲ್ಲಿ ನಿಲ್ಲಿಸಿದರು. ನೆನಪಿಟ್ಟುಕೋ ರಿಮೆಂಬರ್, ನೆನಪಿಸು ರಿಮೈಂಡ್. ಬೀಳು ಫಾಲ್, ಮರ ಬೀಳಿಸು ಫೆಲ್. ಇಂಗ್ಲಿಷಿನ ಮೂಲಭಾಷೆಯಲ್ಲೂ ನಮ್ಮ 'ಇಸು' ಥರದ್ದೇ ಒಂದು ಬಾಲ ಇತ್ತು, ಸಿಟ್–ಸೆಟ್, ಫಾಲ್–ಫೆಲ್ ಆಗಿರುವುದು ಅದರಿಂದಲೇ. ಇದನ್ನು ಹುಡುಗರಿಗೆ ಹೇಳಬೇಡಿ, ನಿದ್ದೆ ಬರುತ್ತದೆ.

ಸೂತ್ರಗಳನ್ನೂ ಬದಲಿಸಿದೆ. ಪ್ರಾಂಶುಪಾಲರಲ್ಲಿ 'ಪಾಲ' ಇದ್ದಾನೆ, ಹಾಗಾಗಿ ಕಾಲೇಜಿನ ಪ್ರಿನ್ಸಿಪಾಲಿಗೆ ಪಿ-ಎ-ಎಲ್. ತತ್ವ ಅನ್ನುವ ಅರ್ಥದ ಪ್ರಿನ್ಸಿಪಲ್‌ಗೆ ಪಾಲ ಇಲ್ಲ, ಅದಕ್ಕೆ ಪಿ-ಎಲ್-ಇ. ಪೇಪರ್‌ನಲ್ಲಿ ಇ-ಆರ್ ಇದೆ, ಪೇಪರ್ ಮಾರುವ ಸ್ಟೇಷನರಿಯಲ್ಲೂ ಇ-ಆರ್. ಅಫೆಕ್ಟ್–ಇಫೆಕ್ಟ್‌ಗೆ ಒಂದೇ ಮಾತು: ಪದಕ್ಕೆ ಮೊದಲು ಇಂಗ್ಲಿಷಿನ 'ದ' (ಟಿ-ಎಚ್-ಇ) ಹಾಕಲು ಬಂದರೆ ಇ. ಇಫೆಕ್ಟ್ ಕ್ರಿಯಾಪದವಾಗಿಯೂ ಬರುತ್ತದೆ ಅಂತ ಗೊತ್ತು, ಬೇಕಂತಲೇ ಬಿಟ್ಟಿದ್ದೇನೆ. ನೂರಕ್ಕೆ ಒಂದು ಸಲ ಬರುವುದಕ್ಕೆ ತೊಂಬತ್ತೊಂಬತ್ತು ಕೆಡಿಸಿಕೊಳ್ಳುವುದೇಕೆ?

ನಡುವೆ ಒಂದು ಹುಚ್ಚು ಮಾಡಿದೆ. ಒಂದು ಭಾನುವಾರ ಹುಡುಗರನ್ನು ಪೇಟೆಗೆ ಬಿಟ್ಟು, ತಪ್ಪು ಬೋರ್ಡುಗಳ ಫೋಟೋ ತರಲು ಹೇಳಿದೆ. ಇಪ್ಪತ್ತು ಚಿಲ್ಲರೆ ಸ್ಟೇಷನರಿ ಅಂಗಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೋರ್ಡಿನಲ್ಲಿ ಎ-ಆರ್-ವೈ, ಅಂದರೆ 'ನಿಂತಲ್ಲೇ ನಿಂತದ್ದು'. ಮದುವೆ ಕಾರ್ಡುಗಳೂ ಬಂದವು, ಶುಭಾಶಯದ ಕಾಂಪ್ಲಿಮೆಂಟ್ಸ್‌ನಲ್ಲಿ 'ಐ' ಬರಬೇಕಾದ ಜಾಗದಲ್ಲಿ 'ಇ' ಹಾಕಿ, ಅರ್ಥವನ್ನು 'ಪೂರಕ' ಮಾಡಿದ್ದರು. ಒಬ್ಬ ಅಂಗಡಿಯವರು ನನ್ನ ಹುಡುಗನನ್ನು ಬೈದು ಕಳಿಸಿದರಂತೆ. ತಮಾಷೆಗೆ ಶುರು ಮಾಡಿದ್ದು, ಆದರೆ ಆ ಪದಗಳನ್ನು ಯಾರೂ ಮರೆತಿಲ್ಲ.

ಐವತ್ತು ಜೋಡಿಯ ಟೆಸ್ಟಿನಲ್ಲಿ ಮೊದಲು ಸರಾಸರಿ 26–27 ಬರುತ್ತಿತ್ತು. ಎರಡು ತಿಂಗಳಿಗೆ 41–42 ದಾಟಿತು. ಈಗ ಐವತ್ತಕ್ಕಿಂತ ಜಾಸ್ತಿ ಜನ ಇದ್ದಾರೆ, ಫೀಸನ್ನು 700ರಿಂದ 900 ಮಾಡಿದ್ದೇನೆ, ಯಾರೂ ಗೊಣಗಿಲ್ಲ. ನಕ್ಕಿದ್ದ ಮೇಷ್ಟ್ರು ಹೋದ ತಿಂಗಳು ಬಂದು ಕಾಫಿ ಕುಡಿದು, "ನಿಮ್ಮ ಹೊಸ ಪಟ್ಟಿದು ಒಂದು ಜೆರಾಕ್ಸ್ ಕೊಡ್ತೀರಾ?" ಅಂದರು. ಕೊಟ್ಟೆ. ಯಾವ ಜೋಡಿ ಮೊದಲು, ಯಾವುದು ಆಮೇಲೆ, ಯಾವ ಎರಡನ್ನು ಒಂದೇ ದಿನ ಹೇಳಲೇಬಾರದು ಅನ್ನುವುದನ್ನು ಕೊಡಲಿಲ್ಲ. ಅದು ನನ್ನ ಅನ್ನ, ಇಲ್ಲೂ ಬರೆಯುವುದಿಲ್ಲ.

ಒಂದು ಮಾತ್ರ ಇನ್ನೂ ಸತಾಯಿಸುತ್ತಿದೆ. ಮಲಗು ಲೈ, ಮಲಗಿಸು ಲೇ, ಅಲ್ಲಿಗೆ 'ಇಸು' ಸರಿಯಾಗಿ ಕೂರುತ್ತದೆ. ಆದರೆ ಲೈ ಭೂತಕಾಲಕ್ಕೆ ಹೋದರೆ ಅದೂ ಲೇ ಆಗುತ್ತದೆ! ಅಲ್ಲಿ ಮೂವರಲ್ಲಿ ಒಬ್ಬ ಈಗಲೂ ಬೀಳುತ್ತಾನೆ. 'ನಿನ್ನೆ' ಅನ್ನುವ ಪದ ಕಂಡರೆ ನಿಂತು ನೋಡಿ ಅಂತ ಹೇಳಿಕೊಡುತ್ತಿದ್ದೇನೆ. ಯಾರ ಹತ್ತಿರವಾದರೂ ಇದಕ್ಕಿಂತ ಒಳ್ಳೆ ಉಪಾಯ ಇದ್ದರೆ ಹೇಳಿ, ಕಾಫಿ ನನ್ನದು.