ಮೋಡೆಮ್ ತಗೊಳ್ಳುವ ಮೊದಲು ಗೋಡೆ ನೋಡಿ

ನೆಂಟರಿಷ್ಟರ ಕಂಪ್ಯೂಟರ್ ರಿಪೇರಿ ನನ್ನ ತಲೆಗೇ ಬಂದು ಬಹಳ ಕಾಲವಾಯಿತು. ಮನೆಯ ಇಂಟರ್ನೆಟ್‌ಗೆ ಯಾವ ಮೋಡೆಮ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ, ಗೋಡೆಯಿಂದ ಯಾವ ವೈರು ಹೊರಗೆ ಬಂದಿದೆ ನೋಡಿ ಹೇಳಿ ಅನ್ನುತ್ತೇನೆ. ತೆಳ್ಳಗಿನ ಫೋನ್ ವೈರಾದರೆ ಡಿಎಸ್‌ಎಲ್ ಮೋಡೆಮ್. ತುದಿಯಲ್ಲಿ ತಿರುಪು ಇರುವ, ಟಿವಿಗೆ ಬರುವಂಥ ದಪ್ಪ ಕೇಬಲ್ಲಾದರೆ ಕೇಬಲ್ ಮೋಡೆಮ್. ಫೈಬರ್ ಆದರೆ ಓಎನ್‌ಟಿ ಎಂಬ ಡಬ್ಬಿ. ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ.

ಫೈಬರ್‌ನವರು ಇಲ್ಲಿಗೇ ನಿಲ್ಲಬಹುದು. ಆ ಡಬ್ಬಿಯನ್ನು ಸಾಮಾನ್ಯವಾಗಿ ಇಂಟರ್ನೆಟ್ ಕಂಪನಿಯವರೇ ಕೊಟ್ಟು, ಅದರ ಸೀರಿಯಲ್ ನಂಬರನ್ನು ತಮ್ಮಲ್ಲಿ ನಮೂದಿಸಿಕೊಳ್ಳುತ್ತಾರೆ. ಅಲ್ಲಿ ಉಳಿದ ದುಡ್ಡನ್ನು ಮನೆಗೆಲ್ಲ ವೈಫೈ ಹಂಚುವ ಒಳ್ಳೆಯ ರೂಟರ್‌ಗೆ ಹಾಕಿ.

ಡಿಎಸ್‌ಎಲ್‌ನಲ್ಲಿ ಎಡಿಎಸ್‌ಎಲ್2+ ಎಂಬ ಹಳೆಯ ಬಗೆ ಎಷ್ಟೇ ಎಳೆದಾಡಿದರೂ 24 ಎಂಬಿಪಿಎಸ್ ದಾಟುವುದಿಲ್ಲ. ಅದಕ್ಕಿಂತ ವೇಗದ ಪ್ಲಾನ್ ಇದ್ದರೆ ವಿಡಿಎಸ್‌ಎಲ್2 ಬರೆದಿರುವುದೇ ಬೇಕು. ಫೋನ್ ಎಕ್ಸ್‌ಚೇಂಜ್ ದೂರವಿದ್ದಷ್ಟೂ ವೇಗ ಇಳಿಯುತ್ತದೆ; ಎಷ್ಟು ದುಬಾರಿ ಮೋಡೆಮ್ ತಂದರೂ ತಾಮ್ರದ ತಂತಿಯ ಉದ್ದ ಕಡಿಮೆಯಾಗುವುದಿಲ್ಲ. ಕೇಬಲ್‌ನವರಿಗೆ ಡಾಕ್ಸಿಸ್ (ಕೇಬಲ್ ಇಂಟರ್ನೆಟ್ಟಿನ ತಾಂತ್ರಿಕ ಮಾನದಂಡ) 3.0 ಸಾಕೋ, 3.1 ಬೇಕೋ ಅನ್ನುವುದು ಪ್ಲಾನಿನ ಮೇಲೆ ನಿಂತಿದೆ: ಸಾಧಾರಣ ಪ್ಲಾನಿಗೆ 3.0 ಧಾರಾಳ, ಗಿಗಾಬಿಟ್ ಆಸುಪಾಸಿನದ್ದಕ್ಕೆ 3.1. ಯಾವ ಮಾಡೆಲ್‌ಗಳಿಗೆ ಅನುಮತಿ ಇದೆ ಅನ್ನುವ ಪಟ್ಟಿಯನ್ನು ಕಂಪನಿಯಿಂದ ತರಿಸಿಕೊಳ್ಳಿ. ಪಟ್ಟಿಯಲ್ಲಿಲ್ಲದ್ದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಹಳೆಯ ಸ್ಟಾಕ್ ಕೊಳ್ಳುವಾಗ ಒಳಗಿನ ಚಿಪ್ ಯಾವುದೆಂದು ಹುಡುಕಿ ನೋಡಿ; ಇಂಟೆಲ್ ಪ್ಯೂಮಾ 6 ಇರುವಂಥವು ಆಟ, ವಿಡಿಯೋ ಕರೆಗಳಲ್ಲಿ ತಡೆತಡೆದು ಸತಾಯಿಸಿ ಹೆಸರು ಕೆಡಿಸಿಕೊಂಡಿವೆ.

ವೈಫೈ ಕೂಡಿಸಿದ ಡಬ್ಬಿಯ ಮೇಲೆ ನನಗೆ ಅಷ್ಟು ಒಲವಿಲ್ಲ. ವೈಫೈ ಬೇಗ ಹಳತಾಗುತ್ತದೆ, ಆಗ ಚೆನ್ನಾಗಿರುವ ಮೋಡೆಮನ್ನೂ ಅದರ ಜೊತೆ ಎಸೆಯಬೇಕಾಗುತ್ತದೆ. ಮನೆಯಲ್ಲಿರುವುದು ಒಂದೇ ಕಂಪ್ಯೂಟರ್ ಆದರೆ ಬರೀ ಮೋಡೆಮ್ ಕೊಂಡು ಕೇಬಲ್ ಸಿಕ್ಕಿಸಿ, ಸಾಕು. ಆದರೆ ನಡುವೆ ರೂಟರ್ ಇಲ್ಲದಿರುವಾಗ ಹೊರಗಿನವರು ನುಗ್ಗದಂತೆ ತಡೆಯುವ ಕಂಪ್ಯೂಟರಿನ ಫೈರ್‌ವಾಲ್ ಆನ್ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಯುಎಸ್‌ಬಿಯಲ್ಲಿ ಮಾತ್ರ ಜೋಡಿಸುವ ಮಾಡೆಲ್ ಬೇಡ. ಇಂದಲ್ಲ ನಾಳೆ ಡ್ರೈವರ್ ಹುಡುಕುತ್ತಾ ಕೂರುತ್ತೀರಿ. ಈಥರ್ನೆಟ್ ಪೋರ್ಟ್ ಗಿಗಾಬಿಟ್‌ನದ್ದಾಗಿರಲಿ. ಬರೀ 100 ಎಂಬಿಪಿಎಸ್ ಪೋರ್ಟ್ ಇದ್ದರೆ 200ರ ಪ್ಲಾನಿಗೆ ದುಡ್ಡು ಕಟ್ಟಿಯೂ ನೂರರ ಒಳಗೇ ಉಳಿಯುತ್ತೀರಿ.

ಬಾಳಿಕೆಯ ವಿಷಯಕ್ಕೆ ಬಂದರೆ, ನಾನು ಕಂಡಂತೆ ಮೊದಲು ಸಾಯುವುದು ಅಡಾಪ್ಟರ್. ನಮ್ಮ ಭಾವನ ಮನೆಯಲ್ಲಿ ಸಂಜೆಯಾದರೆ ಸಾಕು, ಕನೆಕ್ಷನ್ ಕಡಿಯುತ್ತಿತ್ತು. ಅವರು ಹೊಸ ಮೋಡೆಮ್ ಆರ್ಡರ್ ಮಾಡುವುದರಲ್ಲಿದ್ದರು. ಅಡಾಪ್ಟರ್ ಬದಲಿಸಿದ್ದೇ ತಡ, ಸರಿಹೋಯಿತು. ಬದಲಿಸುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು, ಪಿನ್ನಿನ ಪ್ಲಸ್-ಮೈನಸ್ ಗುರುತೂ ತಾಳೆಯಾಗಬೇಕು. ಸೆಕೆಂಡ್ ಹ್ಯಾಂಡ್ ತಗೊಂಡರೆ ಮೂಲ ಅಡಾಪ್ಟರ್ ಜೊತೆಗೇ ಕೇಳಿ ಪಡೆಯಿರಿ. ಹಿಂದಿನವರ ಖಾತೆಯಿಂದ ಆ ಮೋಡೆಮನ್ನು ತೆಗೆಸಿದ್ದಾರೆಯೇ ಎಂದು ವಿಚಾರಿಸದೆ ದುಡ್ಡು ಕೊಡಬೇಡಿ, ಇಲ್ಲದಿದ್ದರೆ ಕಂಪನಿಯವರು ನಿಮ್ಮ ಹೆಸರಿಗೆ ಹಾಕಿಕೊಡದೆ ಸತಾಯಿಸಬಹುದು. ಗಾಳಿಕಿಂಡಿ ಇಲ್ಲದ, ಮುಟ್ಟಿದರೆ ಸುಡುವ ಡಬ್ಬಿಯೂ ಬೇಡ.

ಕಂಪನಿ ಬಾಡಿಗೆಗೆ ಕೊಡುತ್ತಿದ್ದರೆ ಎರಡು ವರ್ಷದ ಬಾಡಿಗೆ ಕೂಡಿಸಿ ನೋಡಿ. ಅಷ್ಟರೊಳಗೆ ಸ್ವಂತದ್ದು ಬರುವುದಾದರೆ ಕೊಂಡುಬಿಡಿ.

ತಂದ ಮೇಲೆ ವೈಫೈ ನಂಬದೆ ಕೇಬಲ್ ಹಾಕಿ ವೇಗ ಅಳೆಯಿರಿ. ಬ್ರೌಸರಿನಲ್ಲಿ 192.168.100.1 ಎಂದು ಹೊಡೆದರೆ ಬಹುತೇಕ ಕೇಬಲ್ ಮೋಡೆಮ್‌ಗಳ ಪುಟ ತೆರೆದುಕೊಳ್ಳುತ್ತದೆ, ಅಲ್ಲಿ ಡೌನ್‌ಸ್ಟ್ರೀಮ್ ಪವರ್ (ಒಳಬರುವ ಸಿಗ್ನಲ್‌ನ ಬಲ) -7ರಿಂದ +7 ಡಿಬಿಎಂವಿ ನಡುವೆ ಇದ್ದರೆ ನೆಮ್ಮದಿ. ಡಿಎಸ್‌ಎಲ್‌ನಲ್ಲಾದರೆ ಎಸ್‌ಎನ್‌ಆರ್ ಮಾರ್ಜಿನ್ (ಲೈನಿನ ಗದ್ದಲ ತಡೆದುಕೊಳ್ಳಲು ಸಿಗ್ನಲ್‌ಗೆ ಉಳಿದಿರುವ ಅಂತರ) 6 ಡಿಬಿಗಿಂತ ಕೆಳಗಿಳಿದರೆ ಕನೆಕ್ಷನ್ ಕಡಿಯತೊಡಗಬಹುದು. ಅಂಕಿಗಳು ಕೆಟ್ಟಿದ್ದರೆ ಮೊದಲು ಲೈನ್‌ಮನ್ ಕರೆಸಿ. ಅಂಕಿ ಸರಿಯಿದ್ದೂ ತೊಂದರೆ ಇದ್ದರೆ ಮೋಡೆಮ್ ಮೇಲೆ ಅನುಮಾನ ಪಡಿ, ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ.