ಕಾಗಕ್ಕ ಗುಬ್ಬಕ್ಕನ ಮಣ್ಣಿನ ಬೊಂಬೆ: ಕುಂಬಾರನ ಚಕ್ರವಿಲ್ಲದೆ, ಕೈಯಲ್ಲೇ

ಕಾಗಕ್ಕನ ಸಗಣಿ ಮನೆ ಮಳೆಗೆ ಕರಗಿದೆ, ಅವಳು ಗುಬ್ಬಕ್ಕನ ಬಾಗಿಲು ಬಡಿಯುತ್ತಿದ್ದಾಳೆ. ಬೊಂಬೆಗೆ ಈ ಒಂದು ಗಳಿಗೆ ಸಾಕು. ಇಡೀ ಕಥೆ ತುರುಕಬೇಡಿ.

3 ಕಿಲೋ ಜೇಡಿಮಣ್ಣಿಗೆ ಅರ್ಧ ಕಿಲೋ ಸಣ್ಣ ಮರಳು ಬೆರೆಸಿ, ಗಾಳಿಗುಳ್ಳೆ ಉಳಿಯದಂತೆ ನಾದಿ. ಸುಣ್ಣಕಲ್ಲಿನ ಚೂರು ಕಂಡರೆ ಆರಿಸಿ ಬಿಸಾಡಿ. ಸುಟ್ಟ ಮೇಲೆ ಅದು ತೇವ ಹೀರಿ ಉಬ್ಬಿ ಚಕ್ಕೆ ಎಬ್ಬಿಸುತ್ತದೆ.

8 ಮಿ.ಮೀ. ದಪ್ಪಕ್ಕೆ ಲಟ್ಟಿಸಿ ಗುಬ್ಬಕ್ಕನ ಮನೆಯ ಗೋಡೆಗಳನ್ನು ಕತ್ತರಿಸಿ, ಎತ್ತಿದರೆ ಬಾಗದಷ್ಟು ಆರಲು ಬಿಡಿ. ಕೂಡುವ ಅಂಚುಗಳನ್ನು ಫೋರ್ಕಿನಿಂದ ಗೀರಿ, ಅದೇ ಮಣ್ಣಿನ ರಾಡಿ ಹಚ್ಚಿ ಒತ್ತಿ. ಒಳಮೂಲೆಗೆ ತೆಳು ಮಣ್ಣಿನ ಎಳೆ ಕೂರಿಸಿ ತೀಡಿ. ಆರಿದ ಗೋಡೆಗೆ ಹಸಿ ಹಕ್ಕಿ ಅಂಟಿಸಿದರೆ ಹಸಿಯದು ಹೆಚ್ಚು ಕುಗ್ಗಿ ಬಿಟ್ಟುಕೊಳ್ಳುತ್ತದೆ. ಎರಡೂ ಒಂದೇ ಹದದಲ್ಲಿರಲಿ.

ಹಕ್ಕಿಗಳ ಹೊಟ್ಟೆ ಟೊಳ್ಳಾಗಿರಲಿ, ಅಡಿಯಲ್ಲಿ ಕಡ್ಡಿಯಿಂದ ತೂತು ಮಾಡಿ. ಕಾಗಕ್ಕನ ಕೊಕ್ಕು ಮೊಂಡಾದರೂ ಚಿಂತೆಯಿಲ್ಲ, ಚೂಪಾದದ್ದು ಒಣಗಿದ ಮೇಲೆ ಸುಲಭವಾಗಿ ಮುರಿಯುತ್ತದೆ. ಅವಳ ಬಿದ್ದ ಮನೆಗೆ ಮಾತ್ರ ಮಣ್ಣಿನ ಜೊತೆ ಒಣ ಸಗಣಿ ಪುಡಿ ಸೇರಿಸಿ. ಸುಡುವಾಗ ಸಗಣಿ ಉರಿದು ಸಣ್ಣ ರಂಧ್ರಗಳು ಉಳಿಯುತ್ತವೆ, ಕಥೆಗೂ ಒಪ್ಪುತ್ತದೆ.

ಪ್ಲಾಸ್ಟಿಕ್ ಸಡಿಲವಾಗಿ ಮುಚ್ಚಿ ನೆರಳಲ್ಲಿ ವಾರ ಒಣಗಿಸಿ. ಕೆನ್ನೆಗೆ ತಾಗಿಸಿದಾಗ ತಣ್ಣಗನಿಸಿದರೆ ಇನ್ನೂ ತೇವವಿದೆ. ಹಾಗೇ ಸುಟ್ಟರೆ ಆವಿ ಒಡೆದು ಹಾಕುತ್ತದೆ. ಮಣ್ಣು ಸುಡುವ ಗೂಡಿನಲ್ಲಿ 120 ಡಿಗ್ರಿವರೆಗೆ ಬಹಳ ನಿಧಾನವಾಗಿ, ಆಮೇಲೆ ಹಂತಹಂತವಾಗಿ 950 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ. 100ಕ್ಕಿಂತ ಕೆಳಗಿಳಿಯುವವರೆಗೆ ಬಾಗಿಲು ತೆರೆಯಬೇಡಿ.