ಹಳೇ ಸರ್ವರ್ ಪ್ರೊಸೆಸರ್ 14 ಕೋರ್, ಹೊಸ ಡೆಸ್ಕ್‌ಟಾಪ್ ಪ್ರೊಸೆಸರ್ 6 ಕೋರ್: ಯಾವುದು ತಗೊಳ್ಳೋದು?

ತೀರ್ಥಹಳ್ಳಿಯಲ್ಲಿ ಸ್ಟುಡಿಯೋ ಇಟ್ಟಿರುವ ನಮ್ಮ ಭಾವ ಹೋದ ಸಲ ಮದುವೆ ಸೀಸನ್‌ಗೆ ಮುಂಚೆ ಫೋನ್ ಮಾಡಿದ್ದರು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಮಷಿನ್ ನೋಡಿ ಬಂದಿದ್ದರು. "14 ಕೋರಂತೆ ಮಾರಾಯ, 28 ಥ್ರೆಡ್ಡಂತೆ, 64 ಜಿಬಿ ರ‍್ಯಾಮು, ಸರ್ವರ್‌ಗೆ ಹಾಕೋ ಪ್ರೊಸೆಸರ್ರಂತೆ. ಅದೇ ದುಡ್ಡಿಗೆ ಹೊಸದು ಕೇಳಿದರೆ ಬರೀ 6 ಕೋರ್ ಕೊಡ್ತಾರೆ." ನಾನು "ಬೇಡ ಭಾವ, ಒಂದು ವಾರ ತಡೀರಿ" ಅಂದೆ. ವಾರ ಕಳೆಯುವಷ್ಟರಲ್ಲಿ ಮಷಿನ್ ಸ್ಟುಡಿಯೋದ ಮೇಜಿನ ಮೇಲೆ ಕೂತಿತ್ತು.

ಇದೇ ಪ್ರಶ್ನೆ ನನಗೆ ತಿಂಗಳಿಗೆ ಒಂದೆರಡು ಸಲ ಬರುತ್ತದೆ. ಹಾಗಾಗಿ ಒಂದೇ ಸಲ ಕೂತು ಬರೆದುಬಿಡುತ್ತೇನೆ.

ಕೋರ್ ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಒಂದೊಂದು ಆಳು ಅಂದುಕೊಳ್ಳಿ. ಥ್ರೆಡ್ ಅಂದರೆ ಒಂದು ಕೋರ್ ಒಟ್ಟಿಗೇ ಹಿಡಿದುಕೊಳ್ಳುವ ಕೆಲಸದ ಸಾಲು, ಭಾವನ ಮಷಿನ್‌ನಲ್ಲಿ ಕೋರ್‌ಗೆ ಎರಡೆರಡು. ಮೊದಲು ಆ ಪ್ರೊಸೆಸರ್ ಯಾವುದು ನೋಡೋಣ. ಸೆಕೆಂಡ್‌ಹ್ಯಾಂಡ್ ಮಾರ್ಕೆಟ್‌ನಲ್ಲಿ ಓಡಾಡುವುದು ಹೆಚ್ಚಾಗಿ ಇಂಟೆಲ್ ಝಿಯಾನ್ ಇ5-2680 ವಿ4, ಇಲ್ಲಾ ಅದರ ಅಣ್ಣತಮ್ಮಂದಿರು. ಅದು ಬಂದಿದ್ದು 2016ರಲ್ಲಿ. ಆಗ ಹೊಸದಕ್ಕೆ 1,700 ಡಾಲರ್‌ಗೂ ಜಾಸ್ತಿ ಬೆಲೆ ಇತ್ತು. ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಕೆಲವು ವರ್ಷ ದುಡಿಸಿ ಹೊರಗೆ ಹಾಕಿದ ಮಾಲು ಈಗ ಕೈಗೆಟುಕುವ ದುಡ್ಡಿಗೆ ಸಿಗುತ್ತಿದೆ. ಮಾಲು ಕೆಟ್ಟದ್ದಲ್ಲ. ಆದರೆ ಅದನ್ನು ಮಾಡಿದ್ದು ನಿಮ್ಮ ನನ್ನ ಕೆಲಸಕ್ಕಲ್ಲ.

ಕೋರ್ ಲೆಕ್ಕ ಹೇಗೆ ಮೋಸ ಮಾಡುತ್ತದೆ

14 ಕೋರ್ ಅಷ್ಟೂ ಕೆಲಸಕ್ಕೆ ಇಳಿದಾಗ ಈ ಝಿಯಾನ್ ಓಡುವುದು 2.9 ಗಿಗಾಹರ್ಟ್ಝ್‌ನಲ್ಲಿ, ಒಂದೆರಡು ಕೋರ್ ಮಾತ್ರ ಓಡಿದರೆ 3.3ರವರೆಗೆ. 2022ರಲ್ಲಿ ಬಂದ ಇಂಟೆಲ್‌ನದೇ ಡೆಸ್ಕ್‌ಟಾಪ್ ಪ್ರೊಸೆಸರ್ ಐ5-12400ರ 6 ಕೋರ್‌ಗಳು ಒಟ್ಟಿಗೇ 4 ಗಿಗಾಹರ್ಟ್ಝ್ ಮುಟ್ಟುತ್ತವೆ, ಒಂದು ಕೋರ್ 4.4ರವರೆಗೆ ಹೋಗುತ್ತದೆ. ಸಾಲದ್ದಕ್ಕೆ ಹೊಸ ಕೋರ್ ಒಂದು ಹರ್ಟ್ಝ್‌ನಲ್ಲಿ ಮಾಡುವ ಕೆಲಸವೂ ಜಾಸ್ತಿ. ಎರಡೂ ಸೇರಿ, ಒಂದು ಕೋರ್‌ಗೆ ಒಂದು ಕೋರ್ ಅಂತ ಹೋಲಿಸಿದರೆ ಹೊಸದು ಹಳೆಯದರ ಎರಡು ಪಟ್ಟಿನ ಹತ್ತಿರ ಬರುತ್ತದೆ. ಅಷ್ಟೂ ಕೋರ್ ಓಡಿಸಿದರೂ 14 ಕೋರ್ ಮತ್ತು 6 ಕೋರ್ ಹೆಚ್ಚು ಕಡಿಮೆ ಸಮಸಮ. ಅಂಗಡಿಯವರು ಹೇಳದೆ ಬಿಡುವುದು ಇದೇ ಮಾತು.

ನಮ್ಮ ಕಡೆ ಅಡಿಕೆ ಸುಲಿಯಲು 14 ಜನ ಕೂತರೆ ರಾಶಿ ಬೇಗ ಕರಗುತ್ತದೆ. ಒಗ್ಗರಣೆ ಸೌಟಿನ ಸುತ್ತ 14 ಜನ ನಿಂತರೆ ಸಾಸಿವೆ ಬೇಗ ಸಿಡಿಯುತ್ತದಾ? ಇಲ್ಲ ಅಲ್ವಾ. ನಾವು ದಿನಾ ಮಾಡುವ ಕಂಪ್ಯೂಟರ್ ಕೆಲಸದಲ್ಲಿ ಒಗ್ಗರಣೆಯೇ ಜಾಸ್ತಿ. ಬ್ರೌಸರ್, ಎಕ್ಸೆಲ್, ಆಟೋಕ್ಯಾಡ್, ಎಷ್ಟೋ ಗೇಮ್‌ಗಳು, ಎಲ್ಲದರ ಮುಖ್ಯ ಕೆಲಸ ಒಂದೆರಡು ಕೋರ್‌ಗಳ ತಲೆ ಮೇಲೇ ಬೀಳುತ್ತದೆ.

ಸ್ಟುಡಿಯೋಗೆ ಹೋದಾಗ ನಾನು ಕಣ್ಣಾರೆ ನೋಡಿದ್ದು ಇದನ್ನೇ. ಭಾವ ಕರಿಜ್ಮಾ ಆಲ್ಬಮ್‌ನ ಒಂದು ಹಾಳೆಗೆ ಎಫೆಕ್ಟ್ ಹಾಕಿ ಕಾಯುತ್ತಿದ್ದರು. ಮೌಸ್ ಗುರುತು ಸುತ್ತುತ್ತಲೇ ಇತ್ತು. "ನೋಡು, ಸ್ಲೋ ಆಗಿದೆ, ಆದರೆ ಪ್ರೊಸೆಸರ್ ಆರಾಮಾಗಿದೆ" ಅಂತ ಟಾಸ್ಕ್ ಮ್ಯಾನೇಜರ್ ತೋರಿಸಿದರು. 4 ಪರ್ಸೆಂಟ್ ಅಂತಿತ್ತು. ಆರಾಮಾಗಿ ಇರಲಿಲ್ಲ ಅದು. 28 ಥ್ರೆಡ್‌ಗಳಲ್ಲಿ ಒಂದು ಪೂರ್ತಿ 100ರಲ್ಲಿ ಒದ್ದಾಡುತ್ತಿತ್ತು, ಮಿಕ್ಕ 27 ಸುಮ್ನೆ ಕೂತಿದ್ದವು. 100ನ್ನು 28ರಿಂದ ಭಾಗಿಸಿ, ಮೂರೂವರೆ ಬರುತ್ತದೆ. ಟಾಸ್ಕ್ ಮ್ಯಾನೇಜರ್ ಅದನ್ನೇ 4 ಅಂತ ತೋರಿಸುತ್ತದೆ.

ನೀವೂ ಈಗಿರುವ ಮಷಿನ್‌ನಲ್ಲೇ ಈ ಪರೀಕ್ಷೆ ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ, ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ಸ್ ಅಂತ ಆರಿಸಿಕೊಳ್ಳಿ. ಆಮೇಲೆ ನಿಮಗೆ ನಿಜವಾಗಿ ಕಾಟ ಕೊಡುವ ಕೆಲಸ ಯಾವುದಿದೆಯೋ ಅದನ್ನು ಓಡಿಸಿ. ಎಲ್ಲ ಚೌಕಗಳೂ ತುಂಬಿದರೆ ನಿಮಗೆ ಕೋರ್ ಬೇಕು. ಒಂದೋ ಎರಡೋ ತುಂಬಿ ಮಿಕ್ಕವು ಖಾಲಿ ಇದ್ದರೆ ವೇಗದ ಕೋರ್ ಬೇಕು, ಅಂದರೆ ಡೆಸ್ಕ್‌ಟಾಪ್ ಪ್ರೊಸೆಸರ್. ಯಾವುದೂ ತುಂಬದೆ ಡಿಸ್ಕ್ 100 ತೋರಿಸುತ್ತಿದ್ದರೆ ಪ್ರೊಸೆಸರ್ ಮಾತೇ ಬಿಡಿ, ಒಂದು ಎಸ್‌ಎಸ್‌ಡಿ ಹಾಕಿಸಿ ಮನೆಗೆ ಹೋಗಿ.

ವಿಡಿಯೋ ಎಡಿಟ್ ಮಾಡುವವರು ಇಲ್ಲಿ ನಿಲ್ಲಿ

ವಿಡಿಯೋ ಅಂದರೆ ಕೋರ್ ಜಾಸ್ತಿ ಬೇಕು ಅನ್ನುವುದು ಅರ್ಧ ಸತ್ಯ. ಭಾವನ ಹತ್ತಿರ ಇರುವುದು ಸೋನಿ ಎ7 ಫೋರ್ ಕ್ಯಾಮೆರಾ. ಅದರಲ್ಲಿ ಅವರು ತೆಗೆಯುವುದು 10 ಬಿಟ್ 4:2:2 ಎಚ್.265, ಅಂದರೆ ಬಣ್ಣದ ವಿವರ ಜಾಸ್ತಿ ಇಟ್ಟುಕೊಂಡು ಬಿಗಿಯಾಗಿ ಕುಗ್ಗಿಸಿದ ವಿಡಿಯೋ. ಫೈಲ್ ಚಿಕ್ಕದಾಗಿರುತ್ತದೆ, ಬಣ್ಣ ಚೆನ್ನಾಗಿರುತ್ತದೆ, ಆದರೆ ಟೈಮ್‌ಲೈನ್‌ನಲ್ಲಿ ಬಿಚ್ಚಿ ತೋರಿಸಲು ಪ್ರೊಸೆಸರ್‌ನ ಬೆವರಿಳಿಸುತ್ತದೆ. ಐ5-12400ರ ಒಳಗಿರುವ ಗ್ರಾಫಿಕ್ಸ್‌ನಲ್ಲಿ ಈ ಕೆಲಸಕ್ಕೆ ಅಂತಲೇ ಕ್ವಿಕ್ ಸಿಂಕ್ ಅನ್ನುವ ಭಾಗ ಇದೆ, ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಬಳಸಿಕೊಂಡರೆ ಪ್ಲೇ ಒತ್ತಿದ ಕೂಡಲೇ ಸರಾಗವಾಗಿ ಓಡುತ್ತದೆ. ಇ5 ಸರಣಿಯ ಝಿಯಾನ್‌ನಲ್ಲಿ ಗ್ರಾಫಿಕ್ಸೇ ಇಲ್ಲ. ಹಾಗಾಗಿ 14 ಕೋರ್ ಸೇರಿ ಏದುಸಿರು ಬಿಡುತ್ತಾ ಬಿಚ್ಚುತ್ತವೆ, ಆದರೂ ಧಾರೆಯ ದೃಶ್ಯ ತಡೆದು ತಡೆದು ಓಡುತ್ತದೆ. "ಗ್ರಾಫಿಕ್ಸ್ ಕಾರ್ಡ್ ಇದೆಯಲ್ಲ" ಅನ್ನಬಹುದು. ಎನ್‌ವಿಡಿಯಾದವರು ಈ 4:2:2 ಬಿಚ್ಚುವ ಸೌಲಭ್ಯ ಕೊಟ್ಟಿದ್ದು 2025ರಲ್ಲಿ, ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕಿಂತ ಹಳೇ ಕಾರ್ಡ್ ಇದ್ದರೆ ಈ ವಿಷಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಐ5 ತಗೊಳ್ಳುವಾಗ ಕೊನೆಯ ಅಕ್ಷರ ನೋಡಿ. 12400 ಬೇರೆ, 12400ಎಫ್ ಬೇರೆ. ಎಫ್ ಅಂತ ಇದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಸ್ವಲ್ಪ ದುಡ್ಡು ಉಳಿಯಿತು ಅಂತ ಎಡಿಟಿಂಗ್‌ಗೆ ಅದನ್ನು ತಗೊಂಡರೆ ಕ್ವಿಕ್ ಸಿಂಕ್ ಕೈ ತಪ್ಪಿತು. ಎಎಂಡಿ ರೈಜನ್ 5 5600ರಲ್ಲೂ ಗ್ರಾಫಿಕ್ಸ್ ಇಲ್ಲ. ಗೇಮ್ ಆಡುವವರಿಗೆ ಅದು ಒಳ್ಳೇ ಪ್ರೊಸೆಸರ್ರೇ, ಹೇಗೂ ಕಾರ್ಡ್ ಹಾಕಿಕೊಳ್ಳುತ್ತಾರೆ.

ಕರೆಂಟ್ ಬಿಲ್

ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ನನ್ನ ಹತ್ತಿರ ಇರುವ ಹಳೇ ಝಿಯಾನ್ ಮಷಿನ್‌ಗೆ ಪ್ಲಗ್ ಮೀಟರ್ ಹಾಕಿ ನೋಡಿದಾಗ, ಏನೂ ಮಾಡದೆ ಸುಮ್ನೆ ಉರಿಯುವಾಗಲೂ 90 ವ್ಯಾಟ್ ಆಸುಪಾಸು ಎಳೆಯುತ್ತಿತ್ತು. ದಿನಪೂರ್ತಿ ಆನ್ ಇಟ್ಟರೆ ತಿಂಗಳಿಗೆ 65 ಯೂನಿಟ್. ಗೃಹಜ್ಯೋತಿಯಲ್ಲಿ ಇರುವ ಮನೆಯಾದರೆ ಇದು ಇನ್ನೂ ಚುರುಕಾಗಿ ಮುಟ್ಟುತ್ತದೆ. ನಿಮಗೆ ಗೊತ್ತುಮಾಡಿದ ಸರಾಸರಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. 150 ಯೂನಿಟ್ ಉರಿಸುತ್ತಿದ್ದ ಮನೆಗೆ ಇಂಥದ್ದೊಂದು ಬಂದು 24 ಗಂಟೆ ಓಡಿದರೆ ಸೊನ್ನೆ ಬಿಲ್‌ಗೆ ಅಲ್ಲಿಗೇ ನಮಸ್ಕಾರ. ದಿನಕ್ಕೆ ಮೂರು ನಾಲ್ಕು ಗಂಟೆ ಓಡಿಸುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಾಗಾದರೆ ಸರ್ವರ್ ಪ್ರೊಸೆಸರ್ ಯಾರಿಗೆ?

ಅದರ ನಿಜವಾದ ಬಲ ಇರುವುದು ವೇಗದಲ್ಲಲ್ಲ. ಎಷ್ಟು ರ‍್ಯಾಮ್ ಹಾಕಬಹುದು, ಎಷ್ಟು ಕಾರ್ಡ್ ಚುಚ್ಚಬಹುದು, ತಿಂಗಳುಗಟ್ಟಲೆ ತಪ್ಪಿಲ್ಲದೆ ಓಡುತ್ತದಾ, ಇವು ಅದರ ಪ್ರಶ್ನೆಗಳು. ಐ5-12400 ಒಪ್ಪುವ ರ‍್ಯಾಮ್ 128 ಜಿಬಿವರೆಗೆ, ಆ ಹಳೇ 2680 ವಿ4 ಒಂದೂವರೆ ಟಿಬಿವರೆಗೆ ಒಪ್ಪುತ್ತದೆ. ಕಾರ್ಡ್‌ಗಳ ಜೊತೆ ಡೇಟಾ ಓಡಾಡುವ ದಾರಿಗೆ ಪಿಸಿಐಇ ಲೇನ್ ಅನ್ನುತ್ತಾರೆ, ಅವು ಆ ಝಿಯಾನ್‌ನಲ್ಲಿ 40, ಐ5ರಲ್ಲಿ 20. ದೊಡ್ಡ ಸರ್ವರ್‌ಗಳಿಗೆ ಎಎಂಡಿ ಮಾಡುವ ಎಪಿಕ್ ಪ್ರೊಸೆಸರ್‌ಗಳಲ್ಲಿ 2017ರಿಂದಲೇ 128 ಲೇನ್. ನಾಲ್ಕು ಗ್ರಾಫಿಕ್ಸ್ ಕಾರ್ಡ್ ಹಾಕಿ ಎಐ ಮಾಡೆಲ್ ಓಡಿಸುವವರು, ಒಂದೇ ಪೆಟ್ಟಿಗೆಯಲ್ಲಿ ಹತ್ತಿಪ್ಪತ್ತು ವರ್ಚುಯಲ್ ಮಷಿನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಬೇರೆ ಬೇರೆ ಕಂಪ್ಯೂಟರ್, ಎಬ್ಬಿಸುವವರು, ದೊಡ್ಡ ಡೇಟಾಬೇಸ್ ಇಟ್ಟವರು ಈ ಕಡೆ ಬರಬೇಕು. ನನ್ನ ಝಿಯಾನ್ ನಾನು ಇಟ್ಟುಕೊಂಡಿರುವುದೂ ಅದಕ್ಕೇ, ಪ್ರಾಕ್ಸ್‌ಮಾಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ ಎಂಟು ವರ್ಚುಯಲ್ ಮಷಿನ್ ಓಡಿಸುತ್ತೇನೆ, ಬೇಕಾದಾಗ ಮಾತ್ರ ಆನ್ ಮಾಡುತ್ತೇನೆ. ಆ ಕೆಲಸಕ್ಕೆ ಅದು ಚಿನ್ನ.

ಇನ್ನೊಂದು ಇಸಿಸಿ ರ‍್ಯಾಮ್. ರ‍್ಯಾಮ್‌ನಲ್ಲಿ ಯಾವಾಗಲೋ ಒಂದು ಬಿಟ್ ತಾನಾಗಿಯೇ 0 ಇದ್ದದ್ದು 1 ಆಗಿಬಿಡಬಹುದು. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೆಕ್‌ನಲ್ಲಿ ಚುನಾವಣೆ ಎಣಿಕೆ ಮಾಡುವಾಗ ಒಬ್ಬ ಅಭ್ಯರ್ಥಿಗೆ ಇರಬೇಕಾದ್ದಕ್ಕಿಂತ ಸರಿಯಾಗಿ 4,096 ವೋಟು ಜಾಸ್ತಿ ಬಂತು. 4,096 ಅಂದರೆ ಎರಡರ ಹನ್ನೆರಡನೇ ಘಾತ, ಒಂದೇ ಒಂದು ಬಿಟ್ ತಿರುಗಿದರೆ ಬರುವ ಸಂಖ್ಯೆ. ಸಾಫ್ಟ್‌ವೇರ್‌ನಲ್ಲಿ ತಪ್ಪು ಸಿಗಲಿಲ್ಲ, ಬಿಟ್ ತಾನಾಗಿ ತಿರುಗಿದ್ದೇ ಕಾರಣ ಅಂತ ತೀರ್ಮಾನಕ್ಕೆ ಬಂದರು. ಇಸಿಸಿ ಇಂಥ ಒಂದು ಬಿಟ್‌ನ ತಪ್ಪನ್ನು ಹಿಡಿದು ಸರಿ ಮಾಡುತ್ತದೆ. ಸಹಕಾರ ಸಂಘದ ಲೆಕ್ಕ, ಆಸ್ಪತ್ರೆಯ ದಾಖಲೆ ಇಡುವ ಮಷಿನ್‌ಗೆ ಇದು ಬೇಕು. ರೀಲ್ಸ್ ಎಡಿಟ್ ಮಾಡಲು ಬೇಡ.

ಬರೀ ಇಸಿಸಿಗೋಸ್ಕರ ದೊಡ್ಡ ಸರ್ವರ್ ತಗೊಳ್ಳಬೇಕಾಗಿಯೂ ಇಲ್ಲ. ಹತ್ತು ಹದಿನೈದು ಜನರ ಆಫೀಸಿಗೆ ಝಿಯಾನ್ ಇ-2400 ಸರಣಿ ಅಥವಾ 2024ರಲ್ಲಿ ಬಂದ ಎಪಿಕ್ 4004 ಸಾಕು. ಹೆಸರು ಸರ್ವರ್, ಒಳಗಿರುವುದು ಡೆಸ್ಕ್‌ಟಾಪಿನದೇ ಕೋರ್. ಎಪಿಕ್ 4004 ಕೂರುವುದು ರೈಜನ್ ಕೂರುವ ಎಎಂ5 ಸಾಕೆಟ್‌ನಲ್ಲೇ. ವೇಗವೂ ಇದೆ, ಇಸಿಸಿಯೂ ಇದೆ. ನನ್ನನ್ನು ಕೇಳಿದರೆ ಸಣ್ಣ ಆಫೀಸಿಗೆ ಇದೇ ಸರಿ, ಎರಡು ಪ್ರೊಸೆಸರ್ ಕೂರಿಸಿದ ಹತ್ತು ವರ್ಷ ಹಳೇ ಝಿಯಾನ್ ಮಷಿನ್ ಅಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಹಳೇ ಝಿಯಾನೇ ಬೇಕು ಅಂದರೆ

ತಗೊಳ್ಳಿ, ಆದರೆ ಕಣ್ಣು ಬಿಟ್ಟುಕೊಂಡು. ಹೆಸರಿನ ಕೊನೆಯಲ್ಲಿ ವಿ3 ಅಥವಾ ವಿ4 ಇರಬೇಕು. ವಿ2 ಮತ್ತು ಅದಕ್ಕಿಂತ ಹಳೆಯವಕ್ಕೆ ಹಾಕಬೇಕಾದ್ದು ಹಳೇ ತಲೆಮಾರಿನ ಡಿಡಿಆರ್3 ಮೆಮೊರಿ, ಸಾಲದ್ದಕ್ಕೆ ಎವಿಎಕ್ಸ್2 ಅನ್ನುವ ಲೆಕ್ಕದ ಸೌಲಭ್ಯವೂ ಅವುಗಳಲ್ಲಿ ಇಲ್ಲ, ಅದಿಲ್ಲದೆ ಈಗಿನ ಕೆಲವು ಸಾಫ್ಟ್‌ವೇರ್ ಓಪನ್ನೇ ಆಗುವುದಿಲ್ಲ. ಪ್ರೊಸೆಸರ್‌ನ ತಲೆ ಮೇಲಿನ ಬರಹ ಓದಿ, ಥರ್ಮಲ್ ಪೇಸ್ಟ್ ಒರೆಸಿ ತೋರಿಸಿ ಅಂತ ಕೇಳಿ, ನಾಚಿಕೆ ಬೇಡ. ಮಾಡೆಲ್ ನಂಬರ್ ಇರಬೇಕು. "ಇಂಟೆಲ್ ಕಾನ್ಫಿಡೆನ್ಶಿಯಲ್" ಅಂತ ಇದ್ದರೆ ಅದು ಕಂಪನಿ ಪರೀಕ್ಷೆಗೆ ಮಾಡಿದ ಸ್ಯಾಂಪಲ್, ಬಿಟ್ಟುಬಿಡಿ.

ಪ್ರೊಸೆಸರ್ ಕೂರುವ ಮದರ್‌ಬೋರ್ಡ್ ಅದಕ್ಕಿಂತ ದೊಡ್ಡ ತಲೆನೋವು. ಎಕ್ಸ್99 ಅಂತ ಹೆಸರಿಟ್ಟುಕೊಂಡು ಬರುವ ಎಷ್ಟೋ ಅಗ್ಗದ ಬೋರ್ಡ್‌ಗಳಲ್ಲಿ ಎಕ್ಸ್99 ಚಿಪ್‌ಸೆಟ್ಟೇ, ಅಂದರೆ ಬೋರ್ಡನ್ನು ನಡೆಸುವ ಆ ಚಿಪ್ಪೇ, ಇರುವುದಿಲ್ಲ, ಹಳೇ ಡೆಸ್ಕ್‌ಟಾಪ್ ಚಿಪ್‌ಸೆಟ್ ಕಿತ್ತು ಕೂರಿಸಿರುತ್ತಾರೆ. ಸ್ಲೀಪ್‌ಗೆ ಹೋದರೆ ಏಳುವುದಿಲ್ಲ, ಫ್ಯಾನ್ ಮಾತು ಕೇಳುವುದಿಲ್ಲ. ಅದರ ಬದಲು ಎಚ್‌ಪಿ ಝೆಡ್440 ಅಥವಾ ಡೆಲ್ ಪ್ರಿಸಿಷನ್ 5810 ತರದ ಹಳೇ ವರ್ಕ್‌ಸ್ಟೇಷನ್ ಇಡಿಯಾಗಿ ಸಿಕ್ಕರೆ ಅದನ್ನೇ ತಗೊಳ್ಳಿ. ಒಂದೇ ತೊಂದರೆ, ಅದರ ಪವರ್ ಸಪ್ಲೈ ಸುಟ್ಟರೆ ಸಾಮಾನ್ಯ ಸಪ್ಲೈ ಹಾಗೇ ಕೂರುವುದಿಲ್ಲ. ರ‍್ಯಾಮ್ ನಾಲ್ಕು ಕಡ್ಡಿ ಹಾಕಿ, ಪ್ರೊಸೆಸರ್‌ನಿಂದ ಮೆಮೊರಿಗೆ ನಾಲ್ಕು ದಾರಿ, ಅಂದರೆ ನಾಲ್ಕು ಚಾನೆಲ್, ಇರುವುದು ಅದಕ್ಕೇ. ಆ ರ‍್ಯಾಮ್ ಸರ್ವರ್‌ಗೆ ಅಂತಲೇ ಮಾಡುವ ರಿಜಿಸ್ಟರ್ಡ್ ತರದ್ದಾಗಿದ್ದರೆ ನಾಳೆ ಸಾಮಾನ್ಯ ಡೆಸ್ಕ್‌ಟಾಪ್‌ಗೆ ಹಾಕಲು ಬರುವುದಿಲ್ಲ ಅನ್ನುವುದೂ ನೆನಪಿರಲಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿದ್ದು 2025ರ ಅಕ್ಟೋಬರ್ 14ಕ್ಕೆ, ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಲಿನಕ್ಸ್ ಹಾಕುವವರಿಗೆ ಏನೂ ಚಿಂತೆ ಇಲ್ಲ. ಹಾಗೇ ಅಗ್ಗಕ್ಕೆ ಸಿಕ್ಕಿತು ಅಂತ ಚಪ್ಪಟೆ ರ‍್ಯಾಕ್ ಸರ್ವರನ್ನು ಮನೆಗೆ ತರಬೇಡಿ, ಅದರ ಚಿಕ್ಕ ಫ್ಯಾನ್‌ಗಳು ಮಿಕ್ಸಿ ಹಾಕಿದ ಹಾಗೆ ಕಿರುಚುತ್ತವೆ.

ಮತ್ತೆ, ಮೊದಲೇ ಹೇಳಿದೆನಲ್ಲ, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಇ5ರಲ್ಲಿ ಪರದೆ ಹತ್ತುವುದಿಲ್ಲ. ನನ್ನ ಮೊದಲ ಝಿಯಾನ್ ಜೋಡಿಸಿದ ರಾತ್ರಿ ಕಪ್ಪು ಪರದೆ ನೋಡುತ್ತಾ ಎರಡು ಗಂಟೆ ರ‍್ಯಾಮ್ ಕಿತ್ತು ಉಜ್ಜಿ ಹಾಕಿದ್ದೇನೆ. ಬೋರ್ಡ್‌ನಲ್ಲಿ ಎಚ್‌ಡಿಎಂಐ ಕಿಂಡಿಯೇ ಇಲ್ಲ ಅನ್ನುವುದು ಹೊಳೆದಿದ್ದು ಆಮೇಲೆ.

ಭಾವ ಆ ಸೀಸನ್ ಹೇಗೋ ತಳ್ಳಿದರು. ದೀಪಾವಳಿ ಹೊತ್ತಿಗೆ ಐ5-12400, ಎಫ್ ಇಲ್ಲದ್ದು, ಹಾಕಿಸಿಕೊಟ್ಟೆ. ಈಗ ಧಾರೆ ಸರಾಗವಾಗಿ ಓಡುತ್ತಿದೆ. ಝಿಯಾನ್ ಮಷಿನ್ನನ್ನು ಶಿವಮೊಗ್ಗದ ಒಬ್ಬ ಇಂಜಿನಿಯರಿಂಗ್ ಹುಡುಗ ತಗೊಂಡ, ವರ್ಚುಯಲ್ ಮಷಿನ್ ಕಲಿಯಲು, ಅವನಿಗೆ ಸರಿಯಾದ ಮಾಲು. ಮಾರುವಾಗ ಭಾವ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಅದೇ ದಿನ ರಾತ್ರಿ ಹನ್ನೊಂದಕ್ಕೆ ಹುಡುಗನ ಮೆಸೇಜ್ ಬಂತು: "ಅಣ್ಣಾ, ಫ್ಯಾನ್ ತಿರುಗ್ತಿದೆ, ಡಿಸ್‌ಪ್ಲೇ ಬರ್ತಿಲ್ಲ. ರ‍್ಯಾಮ್ ಕಿತ್ತು ಉಜ್ಜಿ ಹಾಕ್ಲಾ?"